ಐದು ಎಣಿಸುವುದರೊಳಗೆ ಓದಿದ ಕಾರ್ಡು

ನಿಧಾನವಾಗಿ ಓದುವವರನ್ನು ಕಂಡರೆ ನನಗೆ ಮರುಕ ಹುಟ್ಟಲು ಶುರುವಾದದ್ದು ಅರವತ್ತರ ದಶಕದಲ್ಲಿ. ಆಗ ನಾನು ಗುತ್ತಿಗಾರಿನ ಕಡೆ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅಂಚೆಯಲ್ಲಿ ವಿ.ಪಿ.ಪಿ. ಮಾಡಿಸಿ ತರಿಸಿದ, ವೇಗದ ಓದು ಕಲಿಸುವ ಒಂದು ಪುಸ್ತಿಕೆ ನನ್ನ ಕಣ್ಣು ತೆರೆಸಿತ್ತು. ತುಟಿ ಅಲ್ಲಾಡಬಾರದು, ಕಣ್ಣು ಹಿಂದಕ್ಕೆ ಹೋಗಬಾರದು, ಪುಟದ ನಟ್ಟನಡುವೆ ಬೆರಳು ಜಾರಿಸುತ್ತ ಸಾರವನ್ನು ಹೀರಬೇಕು. ಹೀಗೆ ಓದಿದ್ದು ಸಾಯುವವರೆಗೆ ಮರೆಯುವುದಿಲ್ಲವಂತೆ! ಹದಿನೈದೇ ದಿನದಲ್ಲಿ ನಾನು ಈ ವಿದ್ಯೆಯಲ್ಲಿ ಪಾರಂಗತನಾದೆ. ಹಾಗೆಂದು ಘೋಷಿಸಿದವನೂ ನಾನೇ. ಹೆಂಡತಿ ಶಾರದೆ ಮಾತ್ರ, ಈಗಷ್ಟೇ ಓದಿದ ಪೇಪರಿನಲ್ಲಿ ಏನಿತ್ತೆಂದು ಕೇಳಿ ಕೇಳಿ ನನ್ನ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದಳು.

ಊರವರ ಕಾಗದ ಓದಿ ಹೇಳುವುದು ಆಗ ಮಾಸ್ತರರ ಕೆಲಸ. ಒಂದು ದಿನ ನೆರೆಮನೆಯ ಗಿರಿಯಪ್ಪ ಗೌಡರು ಕಾರ್ಡು ಹಿಡಿದುಕೊಂಡು ಬಂದರು. ಅವರ ಮಗಳು ದೇವಕಿಯನ್ನು ಕಲ್ಲುಗುಂಡಿಯ ಹುಡುಗನಿಗೆ ಕೊಡುವ ಮಾತು ನಡೆದಿತ್ತು. ದೇವಕಿಗೆ ಓದು ಬರುತ್ತಿತ್ತು; ಆದರೆ ಮದುವೆ ಮಾತಿನ ಕಾಗದವನ್ನು ಹುಡುಗಿಯ ಕೈಗೆ ಕೊಡುವ ರಿವಾಜು ಇರಲಿಲ್ಲ. ಗೌಡರು ಐದು ಎಣಿಸುವುದರೊಳಗೆ ನಾನು ಸಾರ ಹೀರಿ ಮುಗಿಸಿದ್ದೆ: ಗುರುವಾರ, ಏಳು ಜನ, ಹುಡುಗಿ ನೋಡಲು! ಗೌಡರು ಎಷ್ಟು ಬೆರಗಾದರೆಂದರೆ, ಕಾರ್ಡನ್ನು ನನ್ನಲ್ಲೇ ಬಿಟ್ಟು ಹೋದರು.

ಗುರುವಾರ ಗೌಡರ ಮನೆಯಲ್ಲಿ ಬಿಸಿಬಿಸಿ ಕರಿದ ಅಂಬಡೆ, ಕಡ್ಲೆಬೇಳೆ ಪಾಯಸ. ದೇವಕಿ ಹೊಸ ಸೀರೆ ಉಟ್ಟು ಬೆಳಗ್ಗಿನಿಂದ ಕೂತಳು. ಸಂಜೆಯ ಬಸ್ಸೂ ಬಂದು ಹೋಯಿತು. ಏಳರಲ್ಲಿ ಒಬ್ಬರೂ ಇಳಿಯಲಿಲ್ಲ. ನಾಲ್ಕು ಲೋಟ ಪಾಯಸ ಕುಡಿದು ನಾನು ಕೈಲಾದ ಸಹಾಯ ಮಾಡಿದೆ. ದೇವಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದನ್ನು ಕಂಡ ನಾನು, ಎರಡು ದಿನ ನೋಡೋಣವೆಂದು ಗೌಡರು ಹೇಳಿದರೂ ಕೇಳದೆ, ಅಂದೇ ಹುಡುಗನ ತಂದೆಗೆ ಒಂದು ಇನ್‌ಲ್ಯಾಂಡ್ ಕಾಗದ ಬರೆದು ಅಂಚೆ ಡಬ್ಬಿಗೆ ಹಾಕಿದೆ. ಮಾತಿಗೆ ತಪ್ಪುವ ಮನೆಗೆ ಹೆಣ್ಣು ಕೊಡುವುದಕ್ಕಿಂತ ಬಾವಿಗೆ ದೂಡುವುದು ಲೇಸು ಎಂದು ಅದರ ಒಕ್ಕಣೆ. ಕೆಳಗೆ ನನ್ನ ರುಜು, ಹುದ್ದೆ ಸಮೇತ!

ಶುಕ್ರವಾರ ಸಂಜೆ ಪುಸ್ತಿಕೆಯ ನಡುವೆ ಗುರುತಿಗೆಂದು ಇಟ್ಟಿದ್ದ ಕಾರ್ಡು ಶಾರದೆಯ ಕೈಗೆ ಸಿಕ್ಕಿತು. ಆಗಿನವರು ಕಾರ್ಡು ತುಂಬ ಯೋಗಕ್ಷೇಮ ಬರೆದು, ಜಾಗ ಮುಗಿದ ಮೇಲೆ ಮುಖ್ಯ ವಿಷಯವನ್ನು ಅಂಚಿನಲ್ಲಿ ಇರುವೆ ಸಾಲಿನಂತೆ ತುರುಕುತ್ತಿದ್ದರು. ಅವಳು ಕಾರ್ಡನ್ನು ಅಡ್ಡ ತಿರುಗಿಸಿದಳು.

"ಈ ಬದಿಯಲ್ಲಿ ಇದ್ದದ್ದನ್ನು ನೀವು ಓದಿದ್ದೀರಾ?"

ಗುರುವಾರ ಬರುತ್ತೇವೆಂದು ಬರೆದು ಮುಗಿಸುವಷ್ಟರಲ್ಲಿ ಹುಡುಗನ ಅಜ್ಜಿಗೆ ಜ್ವರ ಬಂತಂತೆ. ಗುರುವಾರ ಆಗುವುದಿಲ್ಲ, ಆದಿತ್ಯವಾರ ಬರುತ್ತಾರಂತೆ.

ಶನಿವಾರ ಶಾಲೆಗೆ ರಜೆ ಹಾಕಿ ಮೊದಲ ಬಸ್ಸು ಹತ್ತಿದೆ. ಸುಳ್ಯದಲ್ಲಿ ಬಸ್ಸು ಬದಲಿಸಿ ಕಲ್ಲುಗುಂಡಿಯ ಆ ಮನೆಯ ಅಂಗಳಕ್ಕೆ ಕಾಲಿಡುವಾಗ ಪೋಸ್ಟ್‌ಮ್ಯಾನ್ ಮೆಟ್ಟಿಲಿಳಿಯುತ್ತಿದ್ದ. ಹುಡುಗನ ತಂದೆಯ ಕೈಯಲ್ಲಿ ನನ್ನ ಇನ್‌ಲ್ಯಾಂಡ್! ಗೌಡರ ನೆರೆಮನೆಯ ಮಾಸ್ತರ ನಾನು ಎಂದೆ. ಒಳ್ಳೆಯದಾಯಿತು, ಕನ್ನಡಕ ಒಳಗಿದೆ, ನೀವೇ ಓದಿ ಎಂದು ಅವರು ಕಾಗದವನ್ನು ನನಗೇ ಕೊಟ್ಟರು. ದೇವರು ದೊಡ್ಡವನು. ಅಜ್ಜಿಯ ಜ್ವರ ಬೇಗ ಇಳಿಯಲಿ, ಆದಿತ್ಯವಾರ ದಾರಿ ಕಾಯುತ್ತೇವೆ ಎಂದು ಸಕ್ಕರೆ ಬೆರೆಸಿ ಓದಿದೆ. ಅವರಿಗೆ ಸಂತೋಷವಾಗಿ, ಅಜ್ಜಿಯನ್ನೂ ಹೊರಗೆ ಕರೆದು, ಇನ್ನೊಮ್ಮೆ ಓದಿ ಎಂದರು.

ಒಂದು ನಿಮಿಷದ ಹಿಂದೆ ಏನು ಓದಿದ್ದೆನೋ ನನಗೆ ನೆನಪಿದ್ದರೆ ತಾನೆ! ಎರಡನೆಯ ಓದಿನಲ್ಲಿ ಅಜ್ಜಿಯ ಜ್ವರ ಸೊಂಟನೋವಾಯಿತು, ಆದಿತ್ಯವಾರ ಸೋಮವಾರವಾಯಿತು. ತನ್ನ ಸೊಂಟ ಗಟ್ಟಿಯಾಗಿದೆ ಎಂದು ಅಜ್ಜಿ ತಕರಾರು ತೆಗೆದರು.

ಹುಡುಗನ ತಂದೆ ಒಳಗಿಂದ ಕನ್ನಡಕ ತಂದರು. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಬಾವಿಯಿಂದ ಹಿಡಿದು ನನ್ನ ಹುದ್ದೆಯವರೆಗೆ ಒಂದನ್ನೂ ಬಿಡದೆ ಓದಿದರು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ, ತಪ್ಪು ನನ್ನದು, ಹುಡುಗಿಯದಲ್ಲ ಎಂದು ಕೈಮುಗಿದೆ. ಅವರು ಕಾಗದವನ್ನು ಮಡಚಿದರು.

"ನಾಳೆ ಬರ್ತೇವೆ ಅಂತ ಗೌಡ್ರಿಗೆ ಹೇಳಿ. ಮತ್ತೆ ಒಂದು ಕೇಳ್ಲಿಕ್ಕೆ ಉಂಟು ಮಾಸ್ಟ್ರೆ. ಆ ಹುಡುಗಿಗೆ ಓದ್ಲಿಕ್ಕೆ ಕಲಿಸಿದ್ದು ನೀವಲ್ಲ ತಾನೆ?"

"ಅಲ್ಲ, ಅಲ್ಲ," ಎಂದೆ.

ಒಂದನೆಯ ಕ್ಲಾಸಿನಿಂದ ಐದನೆಯವರೆಗೆ ಕಲಿಸಿದವನು ನಾನೇ. ಆದರೆ ಕೂಡಿಬಂದ ಸಂಬಂಧವನ್ನು ಎರಡೆರಡು ಸಲ ಹಾಳು ಮಾಡುವುದು ಹೇಗೆ?