ಅಂಬುಜಾಕ್ಷಿಯು ಸೋಲಲು ಹೆಣಗಿದ ಮಹಾಸಮರ

ಮಗುಚಿ ಬಿದ್ದರೂ ಅಂಗಾತ ಬಿದ್ದರೂ ಮನುಷ್ಯರ ಹಣೆಬರಹವನ್ನು ನಿಶ್ಚಯಿಸುವ ಕವಡೆಗಳ ಅಧಿದೇವತೆಯೇ, ಕ್ಷಣಕಾಲ ನನ್ನ ನಾಲಗೆಯ ಮೇಲೆ ಕುಳಿತುಕೋ. ಸೇರು ಪಾವುಗಳು ಅಸ್ತಂಗತವಾಗಿ ಕಿಲೋಗ್ರಾಂ ಅವತರಿಸುತ್ತಿದ್ದ ಆ ಸಂಧಿಯುಗದಲ್ಲಿ, ಕನ್ಯೆಯಾದವಳು ಹೇಗೆ ಕೂರಬೇಕು, ಎಷ್ಟು ನಗಬೇಕು, ಯಾವ ಬೆರಳಿನಿಂದ ಸೆರಗು ಹಿಡಿಯಬೇಕು ಎಂದು ಗಂಡಸರು ಪುಸ್ತಕ ಬರೆದು ಅಚ್ಚುಹಾಕಿಸುತ್ತಿದ್ದ ಆ ಪುಣ್ಯಕಾಲದಲ್ಲಿ, ತುಮಕೂರಿನ ಚಿಕ್ಕಪೇಟೆಯ ಶಾಮರಾಯರ ಏಕಮಾತ್ರ ಪುತ್ರಿಯೂ, ಚೌಕಾಬಾರ-ರಣರಂಗ-ಚಂಡಿಕೆಯೂ, ಮೂರು ಬೀದಿಗಳ ಶತ್ರುಕಾಯಿಗಳನ್ನು ಕಡಿದು ಕಡಿದು ಬೇಸತ್ತವಳೂ ಆದ ಅಂಬುಜಾಕ್ಷಿಯು ಸೋಲಲು ಹೊರಟ ಕಥೆಯನ್ನು ಹೇಳುತ್ತೇನೆ, ಕೇಳಿ.

ಸೋಲುವುದೇಕೆ ಎಂದರೆ, ಹಿಂದಿನ ವರ್ಷ ಅವಳನ್ನು ನೋಡಲು ಬಂದಿದ್ದ ತಿಪಟೂರಿನ ವರನು ಹೊತ್ತು ಕಳೆಯಲೆಂದು ಚೌಕಾಬಾರಕ್ಕೆ ಕುಳಿತು, ಸಾಲಾಗಿ ಮೂರು ಆಟ ಸೋತು, ಊರಿಗೆ ಹೋಗಿ ಜಾತಕ ಕೂಡಲಿಲ್ಲವೆಂದು ಕಾಗದ ಹಾಕಿದ್ದನು. ಜಾತಕ ಕೂಡಿದ ಮೇಲೆಯೇ ಅವನು ಬಂದಿದ್ದು. ಸುದ್ದಿ ಹಬ್ಬಿ ಇನ್ನಿಬ್ಬರು ವರರು ಬರುವ ಮೊದಲೇ ತಪ್ಪಿಸಿಕೊಂಡರು. ಅಂಬುಜಾಕ್ಷಿಗೆ ಇಪ್ಪತ್ಮೂರು ತುಂಬಿತ್ತು. ಈಗ ಹಾಸನದಿಂದ ಬರಲಿದ್ದ ವರನ ಫೋಟೋವನ್ನು ಅವಳು ಎಲ್ಲರೆದುರು ಒಮ್ಮೆ ನೋಡಿ, ಯಾರೂ ಇಲ್ಲದಾಗ ಮತ್ತೆರಡು ಸಲ ನೋಡಿದ್ದಳು. ಈ ಸಂಬಂಧ ಕೈತಪ್ಪಬಾರದೆಂದು ಅವಳಿಗೆ ನಿಜವಾಗಿಯೂ ಇತ್ತು.

ಆಗ ಅವಳ ಸೋದರತ್ತೆ ಪದ್ದಮ್ಮನವರು ಸೆರಗಿನ ಮರೆಯಿಂದ ‘ಕನ್ಯಾಹಿತಬೋಧಿನಿ’ ಎಂಬ ದಿವ್ಯಾಸ್ತ್ರವನ್ನು ಹೊರತೆಗೆದು ಹನ್ನೆರಡನೆಯ ಸೂತ್ರವನ್ನು ಪಠಿಸಿದರು: ‘ಯಾವ ಆಟದಲ್ಲಾದರೂ ಕನ್ಯೆಯು ವರನಿಗೆ ಸೋಲತಕ್ಕದ್ದು. ಬೇಕೆಂದು ಸೋತಂತೆ ತೋರಕೂಡದು.’ ಇದನ್ನು ಬರೆದ ಮಹಾನುಭಾವನು ಯಾರೋ, ಅವನು ಎಷ್ಟು ಸಲ ಸೋತಿದ್ದನೋ, ನಾನರಿಯೆ.

“ನೋಡೇ ಅಂಬೂ, ಈ ಸಲ ಏನಾದ್ರೂ ಗೆದ್ದೆ ಅಂದ್ರೆ ನಾನು ಈ ಮನೆ ಕಡೆ ತಲೆ ಹಾಕಲ್ಲ,” ಎಂದರು ಅತ್ತೆ.

“ಸೋಲ್ತೀನಿ ಬಿಡಿ ಅತ್ತೆ. ಗೊತ್ತಾಗದ ಹಾಗೆ ಸೋಲೋಕೆ ಇನ್ನೂ ಚೆನ್ನಾಗಿ ಆಡ್ಬೇಕು, ಅಷ್ಟೇ.”

ಭಾನುವಾರ ಬಂತು. ಸರ್ವೆ ಇಲಾಖೆಯ ನಕ್ಷೆಗಾರನೂ, ಗೆರೆಯೊಂದು ಕೂದಲೆಳೆಯಷ್ಟು ಓರೆಯಾದರೂ ಸಹಿಸದವನೂ ಆದ ವಾದಿರಾಜನು ತಾಯಿ ಮತ್ತು ಸೋದರಮಾವ ಸಮೇತನಾಗಿ ಆಗಮಿಸಿ ಉಪ್ಪಿಟ್ಟು ಕೇಸರಿಬಾತುಗಳನ್ನು ಸಂಹರಿಸುವಷ್ಟರಲ್ಲಿ ಗಂಟೆ ನಾಲ್ಕೂವರೆಯಾಯಿತು. ರಾಹುಕಾಲ ಹಿಡಿಯಿತು.

“ಇನ್ನು ಆರು ಗಂಟೆ ತನಕ ಹೂಂ ಅನ್ನೋ ಹಾಗೂ ಇಲ್ಲ, ಉಹೂಂ ಅನ್ನೋ ಹಾಗೂ ಇಲ್ಲ,” ಎಂದರು ವರನ ತಾಯಿ.

“ಹಾಗಾದ್ರೆ ಮಕ್ಕಳು ಒಂದು ಆಟ ಚೌಕಾಬಾರ ಆಡ್ಲಿ,” ಎಂದರು ಶಾಮರಾಯರು, ಅಭ್ಯಾಸಬಲದಿಂದ. ಪದ್ದಮ್ಮನವರ ಮುಖ ಬಿಳಿಚಿತು.

ಚಾಪೆಗಳ ನಡುವೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆಗಳ ಕುರುಕ್ಷೇತ್ರ ಸಿದ್ಧವಾಯಿತು. ಅವಳ ಸೇನೆ ನಾಲ್ಕು ಬಳೆಚೂರು, ಅವನ ಸೇನೆ ನಾಲ್ಕು ಹುಣಿಸೆಬೀಜ. ಯುದ್ಧಾರಂಭದಲ್ಲಿ ವೀರರು ಆತ್ಮಶ್ಲಾಘನೆ ಮಾಡಿಕೊಳ್ಳುವುದು ಸನಾತನ ಸಂಪ್ರದಾಯ. ಇಲ್ಲಿ ಅದು ತಲೆಕೆಳಗಾಯಿತು.

“ನಂಗೆ ಅಷ್ಟಾಗಿ ಬರಲ್ಲ,” ಎಂದಳು ಅಂಬುಜಾಕ್ಷಿ, ನೆಲ ನೋಡುತ್ತ.

“ನಂಗಂತೂ ಕವಡೆ ಹಿಡಿಯೋಕೇ ಬರಲ್ಲ,” ಎಂದನು ವಾದಿರಾಜ.

ಅದೂ ಸುಳ್ಳೇ. ಆ ಮನೆಯಲ್ಲಿ ಚೌಕಾಬಾರ ಆಡಿಸುತ್ತಾರಂತೆ, ಹುಡುಗಿಗೆ ಸೋತುಬಿಡು, ಸಾಧುವೆನ್ನಿಸಿಕೊಳ್ಳುತ್ತೀಯೆ ಎಂದು ಸೋದರಮಾವನು ಬಸ್ಸಿನಲ್ಲಿ ಅವನಿಗೆ ಉಪದೇಶಿಸಿದ್ದನು.

ಈ ಆಟದ ಧರ್ಮವೊಂದಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಇವಳು ಕಡಿಯಲೊಲ್ಲಳು, ಅವನು ಕಡಿಯಲೊಲ್ಲನು. ಹೀಗಾಗಿ ಆ ಎಂಟು ಕಾಯಿಗಳು ಹೊರಸುತ್ತಿನ ಹದಿನಾರು ಮನೆಗಳನ್ನು, ಹರಕೆ ಹೊತ್ತವರು ಗುಡಿ ಸುತ್ತುವಂತೆ, ಸುತ್ತಿದವು. ಐದು ಗಂಟೆಯಾಯಿತು. ಸೋದರಮಾವನು ಗೋಡೆಗೊರಗಿ ಗೊರಕೆ ಹೊಡೆದನು. ಕಾಯಿಗಳು ಸುತ್ತುತ್ತಲೇ ಇದ್ದವು.

“ಈಗ ಕಡೀಬಹುದಿತ್ತಲ್ಲ, ನೋಡ್ಲಿಲ್ವಾ?” ಎಂದನು ವಾದಿರಾಜ.

“ನೋಡ್ಲಿಲ್ಲ. ನೀವೂ ಆಗಲೇ ಮೂರು ಸಲ ನೋಡ್ಲಿಲ್ಲ.”

ವಾದಿರಾಜನು ತಬ್ಬಿಬ್ಬಾದನು. ಆಕೆಯ ಮನಸ್ಸಿಗೆ ಹಿತವಾಗಲೆಂದು, ಕೇವಲ ಸದ್ಭಾವನೆಯಿಂದ, ಇಂತೆಂದನು: “ಪರವಾಗಿಲ್ಲ ಬಿಡಿ. ಲೆಕ್ಕ ಹಾಕಿ ನಡೆಸೋದು ಹೆಂಗಸರಿಗೆ ಸ್ವಲ್ಪ ಕಷ್ಟಾನೇ.”

ಅಂಬುಜಾಕ್ಷಿಯು ತಲೆಯೆತ್ತಿದಳು. ಸೂತ್ರಗಳು ಹನ್ನೆರಡೂ, ಅದರಾಚೆಯವೂ, ಆ ಕ್ಷಣದಲ್ಲಿ ಭಸ್ಮೀಭೂತವಾದವು. ಕವಡೆ ಎಸೆದಳು, ಮೂರು ಬಿತ್ತು. ವಿದ್ಯುಲ್ಲತಾಸದೃಶವಾದ ಬಳೆಚೂರೊಂದು ಮೂರು ಮನೆ ಹಾರಿ ಹುಣಿಸೆಬೀಜವನ್ನು ಕಡಿದು ಕೆಡವಿತು. ಕಡಿದದ್ದಕ್ಕೆ ದೊರೆತ ಮರು ಎಸೆತದಲ್ಲಿ ಇನ್ನೊಂದು ಉರುಳಿತು. ವಾದಿರಾಜನ ಕಿವಿ ಕೆಂಪಾಯಿತು. ಸೋದರಮಾವನನ್ನೂ ಸಾಧುತನವನ್ನೂ ಮರೆತು ಮಂಡಿಯೂರಿ ಕುಳಿತವನು ಎರಡು ಬಳೆಚೂರುಗಳನ್ನು ನಿರ್ದಯವಾಗಿ ಕಡಿದನು. ಆಮೇಲೆ ನಡೆದದ್ದು ಯುದ್ಧ. ಪದ್ದಮ್ಮನವರು ಕಣ್ಣುಮುಚ್ಚಿ ಗುರುರಾಯರ ಅಷ್ಟೋತ್ತರ ಹೇಳಿಕೊಳ್ಳತೊಡಗಿದರು. ನನಗೋ, ಹೇಳಿಬಿಡುತ್ತೇನೆ, ಬಹಳ ಸಂತೋಷವಾಯಿತು.

ಆರಕ್ಕೆ ಎರಡು ನಿಮಿಷವಿದ್ದಾಗ ಅಂಬುಜಾಕ್ಷಿಯ ಕಡೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಎಂಟು ಬೇಕಾಗಿತ್ತು. ನಾಲ್ಕೂ ಕವಡೆ ಮಗುಚಿದರೆ ಎಂಟು, ಅದೇ ಭಾರ; ಒಂದರ ಬಾಯಿ ಮೇಲಾದರೆ ಬರೀ ಒಂದು. ಎಸೆದಳು. ಮೂರು ಕವಡೆ ಮಗುಚಿದವು. ನಾಲ್ಕನೆಯದು ಉರುಳಿ ಚಾಪೆಯ ಅಂಚಿಗೆ ಒರಗಿ ನಿಂತಿತು.

“ಭಾರ,” ಎಂದಳು ಅಂಬುಜಾಕ್ಷಿ.

“ಅದು ಓರೆಯಾಗಿದೆ. ಬಾಯಿ ಕಾಣ್ತಾ ಇದೆ. ಒಂದೇ ಬಿದ್ದಿರೋದು.”

“ನೀವು ಬಗ್ಗಿ ನೋಡ್ತಾ ಇದ್ದೀರಿ, ಅದಕ್ಕೆ ಕಾಣುತ್ತೆ.”

ಗಡಿಯಾರ ಆರು ಹೊಡೆಯಿತು. ರಾಹು ತೊಲಗಿದನು. 

“ಏನಪ್ಪಾ ವಾದೀ, ಒಪ್ಪಿಗೇನಾ?” ಎಂದರು ವರನ ತಾಯಿ.

“ಹುಡುಗಿ ಒಪ್ಪಿಗೆ ಅಮ್ಮ,” ಎಂದನು ವಾದಿರಾಜ, ಕವಡೆಯಿಂದ ಕಣ್ಣು ಕೀಳದೆ. “ಭಾರ ಬಿದ್ದಿದ್ದು ಮಾತ್ರ ಒಪ್ಪಲ್ಲ.”

ಆನಂದಬಾಷ್ಪ ಒರೆಸಿಕೊಳ್ಳುತ್ತ ಪದ್ದಮ್ಮನವರು ತಾಂಬೂಲದ ತಟ್ಟೆಯಿಡಲು ಜಾಗಕ್ಕಾಗಿ ಕವಡೆ ಬಾಚಲು ಬಗ್ಗಿದರು.

“ಮುಟ್ಬೇಡಿ,” ಎಂದರು ವಧೂವರರು, ಒಟ್ಟಿಗೆ.

ಆದ್ದರಿಂದ ತಾಂಬೂಲವನ್ನು ಅಡುಗೆಮನೆಯ ಹೊಸ್ತಿಲ ಹತ್ತಿರ, ಬಾಣಲೆಯನ್ನು ಪಕ್ಕಕ್ಕೆ ಸರಿಸಿ, ಬದಲಾಯಿಸಿಕೊಳ್ಳಬೇಕಾಯಿತು.