ಬೆವರಿದ ಜಗಲಿ

ಗೋಡೆಗೆ ಸುಣ್ಣ ಬಳಿದು ಸೈ ಎನಿಸಿಕೊಂಡವನಿಗೆ ನೆಲಕ್ಕೆ ಎಪಾಕ್ಸಿ ಎಂಬ ಗಟ್ಟಿ ಬಣ್ಣ ಬಳಿಯುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ನಾನು ಡಬ್ಬಿ ತಂದೆ.

ಹೊಳಲ್ಕೆರೆಯಲ್ಲಿ ಮೇಷ್ಟರಾಗಿ ನಿವೃತ್ತನಾದ ಬ್ರಹ್ಮಚಾರಿ ನಾನು. ದಿನಾ ಸಂಜೆ ತಗಡಿನ ಕೆಲಸದ ಖಾದರ್ ಸಾಬರು, ಕಿರಾಣಿ ಅಂಗಡಿಯ ರುದ್ರಪ್ಪ ನನ್ನ ಜಗಲಿಗೆ ಬರುತ್ತಿದ್ದರು. ಗಾರೆಯವನು ಹಸಿ ಕಾಂಕ್ರೀಟಿನಲ್ಲೇ ಗೀರಿಕೊಟ್ಟ ಚೌಕಾಬಾರದ ಮನೆಗಳು ಅಲ್ಲಿದ್ದವು. ಕವಡೆ ಉರುಳುತ್ತಿದ್ದವು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಖಾಲಿಯಾಗುತ್ತಿತ್ತು. ಅವರು ಬರದ ದಿನ ನಾನು ಮಾತಾಡುವುದು ಹಾಲಿನವನ ಹತ್ತಿರ ಮಾತ್ರ. ಅದೂ 'ಅರ್ಧ ಲೀಟರ್' ಎಂದಷ್ಟೇ!

ಒಂದು ಸಂಜೆ ರುದ್ರಪ್ಪ ಪಂಚೆ ಕೊಡವಿದ.

"ಜಗಲಿ ಪುಡಿ ಉದುರ್ತೈತೆ ಮೇಷ್ಟ್ರೇ. ಕುಂತ್ರೆ ಪಂಚೆಯೆಲ್ಲ ಬೂದಿ."

ಇವನು ಬರುವುದನ್ನೇ ಬಿಟ್ಟರೆ? ನನಗೆ ದಿಗಿಲಾಯಿತು. ಮರುದಿನವೇ ಆ ಡಬ್ಬಿ ತಂದಿಟ್ಟೆ.

ಖಾದರ್ ಸಾಬರು ಎಚ್ಚರಿಸಿದರು. "ಡಬ್ಬಿ ಆಮೇಲೆ ಬಿಚ್ರಿ. ಮೊದ್ಲು ನೆಲ ಉಜ್ಜಿ ತರಿತರಿ ಮಾಡ್ರಿ. ಮೆಣಸಿನಕಾಯಿ ಎಣ್ಣೆ ಜಿಡ್ಡು ಹೋಗ್ಬೇಕು. ತೊಳೆದ್ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡ್ರಿ, ಒಳಗೆ ಬೆವರಿದ್ರೆ ಇನ್ನೂ ಹಸಿ ಐತೆ ಅಂತ."

ಎಂಟು ದಿನ ಯಾರೂ ಬರಕೂಡದೆಂದು ಗೆಳೆಯರಿಗೆ ಆಜ್ಞೆ ಹೊರಡಿಸಿದೆ. ಉಜ್ಜುವ ಮಿಷನ್ನು ಬಾಡಿಗೆಗೆ ತಂದೆ. ಅದನ್ನು ನಾನು ನಡೆಸಿದೆ ಎನ್ನುವುದಕ್ಕಿಂತ ಅದೇ ನನ್ನನ್ನು ಎಳೆದಾಡಿತು ಎನ್ನುವುದು ಸತ್ಯ. ಪಕ್ಕದ ಮನೆಯ ಗಂಗಮ್ಮ ಬಂದು, ಧೂಳಿನಲ್ಲಿ ಬೆಳ್ಳಗಾಗಿದ್ದ ನನ್ನನ್ನೇ ಕೇಳಿದರು, "ಮೇಷ್ಟ್ರು ಮನೇಲಿಲ್ವೇನ್ರಿ?"

ಬಳಿಕ ಸೋಪಿನ ಪುಡಿ ಹಾಕಿ ತೊಳೆದೆ. ಹಾಳೆ ಅಂಟಿಸಿದೆ. ಬೆಳಿಗ್ಗೆ ಒಳಗೆಲ್ಲ ನೀರಿನ ಹನಿ! ಈ ಬಿಸಿಲಿಗೆ ನಾನೂ ಬೆವರಿದ್ದೆ. ನೆಲ ಬೆವರಿದರೆ ತಪ್ಪೇನು ಎಂದು ತೀರ್ಪು ಕೊಟ್ಟು ಬಳಿದೇಬಿಟ್ಟೆ.

ಎಂಟನೆಯ ಸಂಜೆ ಇಬ್ಬರನ್ನೂ ಕರೆದೆ. ಜಗಲಿ ಫಳಫಳ ಹೊಳೆಯುತ್ತಿತ್ತು. ರುದ್ರಪ್ಪ ಠೀವಿಯಿಂದ ಕೂತ. ಎದ್ದಾಗ ಹಾಲಿನ ಕೆನೆಯಂತೆ ಬಣ್ಣವೂ ಅವನ ಜೊತೆಗೇ ಎದ್ದಿತು!

"ಅದಿರ್ಲಿ ಮೇಷ್ಟ್ರೇ, ಚೌಕಾಬಾರದ ಮನೆ ಎಲ್ಲಿ?" ಎಂದರು ಖಾದರ್ ಸಾಬರು.

ಆಗಲೇ ನನಗೆ ಹೊಳೆದದ್ದು. ಅದನ್ನೂ ಉಜ್ಜಿ ಹಾಕಿದ್ದೆ.

ರುದ್ರಪ್ಪ ಸಮಾಧಾನ ಹೇಳಿದ. "ಈ ಎಂಟು ದಿನ ನಮ್ಮಂಗಡಿ ಮುಂದೆನೇ ಆಡಿದ್ವಿ. ಇನ್ನಿಬ್ಬರು ಸೇರ್ಕಂಡು ನಾಲ್ಕು ಜನ ಆಗೇವಿ. ಅಲ್ಲಿಗೇ ಹೋಗಾಣ ಬರ್ರಿ."

ಚೌಕಾಬಾರದಲ್ಲಿ ಐದನೆಯವನಿಗೆ ಜಾಗವಿಲ್ಲ. ಮನಸ್ಸಿಗೆ ಬಹಳ ನೋವಾಯಿತು. ಆದರೂ ಹೋದೆ.

ಈಗ ದಿನಾ ಸಂಜೆ ಅಲ್ಲಿ ಮಂಡಕ್ಕಿ ಹಂಚುವ ಹೊಣೆ ನನ್ನದು. ನಾಲ್ವರಲ್ಲಿ ಒಬ್ಬರಾದರೂ ಹುಷಾರು ತಪ್ಪಿ ಮನೆಯಲ್ಲಿ ಮಲಗಲಿ ಎಂದು ಕಾಯುತ್ತಾ ಕೂರುತ್ತೇನೆ. ಒಬ್ಬನಿಗೂ ನೆಗಡಿ ಕೂಡ ಬರುವುದಿಲ್ಲ!