ಭಾವನ ಲಗೇಜು

ನಮ್ಮ ಭಾವನ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ಜನ: ಲಗೇಜು ಹಗುರ ಇರುವವರು ಮತ್ತು ಬುದ್ಧಿ ಇಲ್ಲದವರು. ಎರಡನೆಯ ಜಾತಿಗೆ ಮುಖ್ಯಸ್ಥೆ ಯಾರೆಂದರೆ, ಅವರ ಹೆಂಡತಿ, ಅಂದರೆ ನನ್ನ ಅಕ್ಕ!

ಭಾವ ನೌಕಾಪಡೆಯಿಂದ ನಿವೃತ್ತರಾಗಿ ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಇದ್ದಾರೆ. ನಾನು ತಿರುವನಂತಪುರದಲ್ಲಿ ಬ್ಯಾಂಕಿನ ಕೆಲಸದವನು. ಅಮ್ಮ ನನ್ನ ಜೊತೆಗಿದ್ದಳು. ಆಗೊಮ್ಮೆ ಈಗೊಮ್ಮೆ ಅಲ್ಲಿಂದ ಇಲ್ಲಿಗೆ ಸೇನೆಯ ವಿಮಾನವೊಂದು ಹಾರುತ್ತದೆ. ಸೀಟು ಉಳಿದರೆ ನಿವೃತ್ತರನ್ನೂ ಹತ್ತಿಸಿಕೊಳ್ಳುತ್ತಾರಂತೆ. ಗಮನಿಸಿ, ಉಳಿದರೆ! ಕೆಲಸದ ಮೇಲೆ ಹೋಗುವವರು, ರಜೆಯಲ್ಲಿ ಹೋಗುವವರು, ಸರ್ಕಾರಿ ಪೆಟ್ಟಿಗೆಗಳು, ಎಲ್ಲ ಹತ್ತಿದ ಮೇಲೆ ನಮ್ಮ ಭಾವ. ಅದೂ ಬ್ಯಾಗಿನ ತೂಕ ಮಿತಿಯೊಳಗಿದ್ದರೆ ಮಾತ್ರ.

ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ಊರಿಗೆ ಭಾವ ದಿನವಿಡೀ ವಿಮಾನಕ್ಕೆ ಕಾದು, ಸೀಟು ಸಿಗದೆ, ಕೊನೆಗೆ ಅದೇ ರೈಲುದಾರಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದಿಳಿಯುತ್ತಿದ್ದರು.

"ಅಲ್ಲ ಭಾವ, ಮೊದಲೇ ರೈಲು ಹತ್ತಬಾರದಿತ್ತಾ?"

"ರೈಲಿನಲ್ಲಿ ಯಾರು ಬೇಕಾದರೂ ಹೋಗ್ತಾರೆ ಮಾರಾಯ!"

ಹೊರಡುವ ಮುನ್ನಾದಿನ ಅವರ ಮನೆ ನೋಡಬೇಕು! ಮೀನಿನವರ ಬಳಿ ಇರುವಂಥ ಕೊಕ್ಕೆ ತಕ್ಕಡಿ ಬಾಗಿಲಿಗೆ ನೇತಾಡುತ್ತದೆ. ಅಕ್ಕ ಉಪ್ಪಿನಕಾಯಿ ಬಾಟಲಿ ಒಳಗಿಡುತ್ತಾಳೆ, ಭಾವ ಹೊರಗಿಡುತ್ತಾರೆ. ಸೋಪನ್ನು ಚಾಕುವಿನಲ್ಲಿ ಅರ್ಧ ಮಾಡುತ್ತಾರೆ. ಒಮ್ಮೆ ಟೂತ್‌ಪೇಸ್ಟನ್ನೂ ಅರ್ಧ ಹಿಂಡಿ ಸ್ಟೀಲಿನ ಬಟ್ಟಲಲ್ಲಿ ತೆಗೆದಿಟ್ಟಿದ್ದರು. ಮರುದಿನ ಅದನ್ನು ಕಾಯಿಚಟ್ನಿ ಎಂದುಕೊಂಡು ದೋಸೆಗೆ ಹಚ್ಚಿಕೊಂಡವನು ಯಾರು? ಬೇರೆ ಯಾರು, ನೆಂಟನಾಗಿ ಹೋಗಿದ್ದ ನಾನೇ!

ಆಮೇಲೆ ಅವರಿಗೊಂದು ಜ್ಞಾನೋದಯವಾಯಿತು: ಮೈಮೇಲೆ ಇರುವುದು ಲಗೇಜಲ್ಲ! ಕೊಚ್ಚಿಯ ಮೇ ತಿಂಗಳ ಸೆಕೆಯಲ್ಲಿ ಮೂರು ಅಂಗಿ, ಎರಡು ಪ್ಯಾಂಟು ತೊಟ್ಟು, ಜೇಬುಗಳ ತುಂಬ ಬಾಳೆಕಾಯಿ ಚಿಪ್ಸ್ ತುಂಬಿಕೊಂಡು ಹೊರಟರು. ಬೀಳ್ಕೊಡಲು ಹೋದ ಅಕ್ಕ ದೂರದಲ್ಲಿ ನಿಂತಿದ್ದಳಂತೆ, ಪರಿಚಯವೇ ಇಲ್ಲದವಳ ಹಾಗೆ. ಭಾವ ಕುರ್ಚಿಯಲ್ಲಿ ಕೂತರೆ ಕರುಂ, ಎದ್ದರೆ ಕುರುಂ! ತೂಕದವನು ಬ್ಯಾಗು ತೂಗಿ, ತಲೆಯಾಡಿಸಿ, ನಗದೆ ಹೇಳಿದ:

"ಸರ್, ಇವತ್ತು ಪ್ರಯಾಣಿಕರನ್ನೂ ತೂಗ್ತೇವೆ."

ಆ ದಿನವೂ ಭಾವ ರೈಲಿನಲ್ಲೇ ಬಂದರು. ಚಿಪ್ಸ್ ಮಾತ್ರ ಪುಡಿ. ಅಮ್ಮ ಅದನ್ನು ಮೊಸರನ್ನಕ್ಕೆ ಉದುರಿಸಿಕೊಂಡು, "ಅಳಿಯಂದಿರು ತಂದದ್ದು" ಎಂದು ಹೊಗಳಿ ಹೊಗಳಿ ತಿಂದಳು.

ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದಳು. ಗುಣವಾಗುವ ಕಾಯಿಲೆಯಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಅನ್ನ ಬೇಡ, ಗಂಜಿ ಬೇಡ. ಉಡುಪಿ ಮಲ್ಲಿಗೆಯ ಪರಿಮಳ ಬೇಕು ಎನ್ನುತ್ತಿದ್ದಳು. ಇಲ್ಲಿಯ ಪೇಟೆಯ ಮಲ್ಲಿಗೆ ತಂದರೆ ಮೂಸಿ ನೋಡಿ, "ಇದಲ್ಲ" ಎಂದು ಪಕ್ಕಕ್ಕಿಡುವಳು. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳ ಬಾಲ್ಕನಿಯಲ್ಲಿ ನಮ್ಮೂರು ಉಡುಪಿಯಿಂದ ತಂದ ಮಲ್ಲಿಗೆ ಗಿಡವೊಂದಿತ್ತು. ಮಂಡಿಯ ಆಪರೇಷನ್ ಆಗಿ ಅವಳು ಏಳುವಂತಿರಲಿಲ್ಲ.

ಭಾವ ಗಿಡವನ್ನು ಮಣ್ಣಿನ ಕುಂಡದ ಸಮೇತ ಎತ್ತಿಕೊಂಡು ವಿಮಾನಕ್ಕೆ ಹೋದರು. ಅವತ್ತು ನೋಡಿ, ಸೀಟು ಖಾಲಿ ಇತ್ತು! ಹೆಸರೂ ಕೂಗಿದರು. ಆದರೆ ಕುಂಡ ಮಿತಿ ಮೀರಿತ್ತು.

"ಮಣ್ಣು ಕೊಡವಿ ಗಿಡ ಮಾತ್ರ ಒಯ್ಯಿರಿ ಸರ್," ಎಂದರಂತೆ.

"ಮೊಗ್ಗು ಬಂದಿದೆ. ಬೇರು ಅಲುಗಿದರೆ ಅರಳೋದಿಲ್ಲ," ಎಂದು ಭಾವ ಸೀಟು ಬಿಟ್ಟುಕೊಟ್ಟು ಹೊರಟೇಬಿಟ್ಟರು. ವಿಷಯ ಅಕ್ಕನಿಂದ ತಿಳಿಯಿತು. ಅವರಾಗಿ ಒಂದು ಮಾತೂ ಹೇಳಲಿಲ್ಲ.

ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆ ಬಂದಿಳಿದರು. ಅಂಗಿಯೆಲ್ಲ ಕೆಂಪು ಮಣ್ಣು. ಅಮ್ಮನ ತಲೆದಿಂಬಿನ ಹತ್ತಿರ ಕುಂಡ ಇಟ್ಟು, ಒಂದು ಗೆಲ್ಲನ್ನು ಮೆಲ್ಲಗೆ ಬಾಗಿಸಿ ಹಿಡಿದರು. ಮೊಗ್ಗು ಆಗತಾನೇ ಬಿರಿಯುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ಉಸಿರೆಳೆದಳು.

"ಹ್ಞಾ, ಇದು," ಎಂದಳು.

ಆಮೇಲೆ ಗೆಲ್ಲು ಹಿಡಿದಿದ್ದ ಭಾವನ ಕೈಯನ್ನೇ ಹಿಡಿದುಕೊಂಡಳು.

"ಕೈಯೆಲ್ಲ ಮಣ್ಣು ಅತ್ತೆ, ತೊಳೆದು ಬರ್ತೇನೆ," ಎಂದರು ಭಾವ.

ಅಮ್ಮ ಬಿಡಲಿಲ್ಲ.